ಕಸ್ಟಮ್ ಕಾರಿಗೆ ಹೊಸ ಪೆಟ್ರೋಲ್ ಟ್ಯಾಂಕ್ ಕೂರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಟ್ಯಾಂಕ್ ಬದಲಿಸಿದ ಕಾರು ಸರಿಯಾಗಿ ಇಪ್ಪತ್ತು ನಿಮಿಷ ಓಡುತ್ತಿತ್ತು. ಆಮೇಲೆ ಎಂಜಿನ್ ತಡವರಿಸುತ್ತಿತ್ತು, ಪಂಪಿನ ಸದ್ದು ಕೀರಲಾಗುತ್ತಿತ್ತು, ಕೊನೆಗೆ ನಿಂತೇ ಹೋಗುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್. ಫಿಲ್ಟರ್ ಬದಲಿಸಿದೆ. ಪಂಪ್ ಬದಲಿಸಿದೆ. ರಿಲೇಯನ್ನೂ ಬದಲಿಸಿದೆ. ಒಂದು ದಿನ ಕಾರು ನಿಂತ ಕೂಡಲೇ ಇಳಿದು ಹೋಗಿ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. 'ಸ್ಸ್ಸ್' ಅಂತ ಟ್ಯಾಂಕು ಗಾಳಿ ಎಳೆದುಕೊಂಡಿತು. ಒಳಕ್ಕೆ ಬಾಗಿದ್ದ ತಗಡು 'ಠಣ್' ಅಂತ ತನ್ನ ಜಾಗಕ್ಕೆ ಬಂತು. ಗಾಳಿ ಬರಬೇಕಾದ ಸಣ್ಣ ಹೋಸು ಡಿಕ್ಕಿಯ ನೆಲಕ್ಕೂ ಟ್ಯಾಂಕಿಗೂ ನಡುವೆ ಸಿಕ್ಕಿ ಚಪ್ಪಟೆಯಾಗಿತ್ತು.

ಒಂದು ಲೀಟರ್ ಪೆಟ್ರೋಲ್ ಹೊರಗೆ ಹೋದರೆ ಒಂದು ಲೀಟರ್ ಗಾಳಿ ಒಳಗೆ ಬರಲೇಬೇಕು. ಪೆಟ್ರೋಲ್ ತುಂಬುವಾಗ ಅಷ್ಟೇ ಗಾಳಿ ಹೊರಗೆ ಹೋಗಲೇಬೇಕು. ಟ್ಯಾಂಕಿನ ಕೆಲಸದಲ್ಲಿ ಅರ್ಧ ಪೆಟ್ರೋಲಿನದು, ಇನ್ನರ್ಧ ಗಾಳಿಯದು. ಅವತ್ತಿನಿಂದ ಪ್ರತಿ ಹಂತದಲ್ಲೂ 'ಇಲ್ಲಿ ಗಾಳಿಗೆ ದಾರಿ ಎಲ್ಲಿದೆ?' ಅಂತ ಕೇಳಿಕೊಂಡೇ ಮುಂದೆ ಹೋಗುತ್ತೇನೆ. ಈ ಬರಹವನ್ನೂ ಅದೇ ಪ್ರಶ್ನೆ ಇಟ್ಟುಕೊಂಡು ಓದಿ.

ಸ್ಪ್ಯಾನರ್ ಹಿಡಿಯುವ ಮೊದಲು

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಿ ಚದುರುವುದಿಲ್ಲ. ನೆಲದ ಮೇಲೆ ನೀರಿನ ಹಾಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಗುಂಡಿಯ ಮೇಲೆ ಕಾರು ನಿಲ್ಲಿಸಿ, ಗುಂಡಿಯೊಳಗೆ ಇಳಿದು ಟ್ಯಾಂಕ್ ಬಿಚ್ಚಬೇಡಿ. ಬಾಗಿಲು ತೆರೆದ ಜಾಗದಲ್ಲಿ, ಜ್ಯಾಕ್ ಸ್ಟ್ಯಾಂಡ್ ಮೇಲೆ ಕಾರು ನಿಲ್ಲಿಸಿ ಕೆಲಸ ಮಾಡಿ. ಹತ್ತಿರದಲ್ಲಿ ಒಲೆ, ಹೀಟರ್, ಗ್ರೈಂಡರ್ ಯಾವುದೂ ಬೇಡ. ಕೈದೀಪ ಗಾಜಿನ ಬಲ್ಬಿನದಾಗಿದ್ದರೆ ಅದನ್ನೂ ದೂರ ಇಡಿ. ಬಿದ್ದು ಒಡೆದ ಬಲ್ಬಿನ ಬಿಸಿ ತಂತಿಯೊಂದೇ ಸಾಕು. ಒಣಪುಡಿಯ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಜಾಸ್ತಿ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡಾ 1.4ರಿಂದ 7.6ರಷ್ಟಿದ್ದರೆ ಕಿಡಿ ತಾಗಿದ ಕೂಡಲೇ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನಲ್ಲಿ ಅಷ್ಟು ಗಾಳಿಯೇ ಇರುವುದಿಲ್ಲ. ಖಾಲಿ ಮಾಡಿ ಪಕ್ಕಕ್ಕಿಟ್ಟ ಟ್ಯಾಂಕಿನಲ್ಲಿ ಎರಡೂ ಹದವಾಗಿ ಬೆರೆತಿರುತ್ತವೆ. ಹಳೆಯ ಟ್ಯಾಂಕನ್ನು ಕತ್ತರಿಸುವುದು, ವೆಲ್ಡ್ ಮಾಡುವುದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ. ಬಿಚ್ಚಿದ ಮೇಲೆ ಅದರ ಬಾಯಿಗಳನ್ನೆಲ್ಲ ಮುಚ್ಚಿ ಹೊರಗೆ ನೆರಳಿನಲ್ಲಿಡಿ.

ಬ್ಯಾಟರಿಯ ಮೈನಸ್ ತಂತಿಯನ್ನು ಪೆಟ್ರೋಲ್ ತೆಗೆಯುವ ಮೊದಲೇ ಕಳಚಿ, ಆಮೇಲಲ್ಲ. ಪೆಟ್ರೋಲ್ ತೆಗೆಯಲು ಕೈಪಂಪ್ ಬಳಸಿ, ಬಾಯಲ್ಲಿ ಎಳೆಯಬೇಡಿ. ವಾಹನದಲ್ಲಿ ಇಂಥ ಬದಲಾವಣೆಗೆ ನಿಮ್ಮ ಕಡೆ ಅನುಮತಿ ಬೇಕಿದ್ದರೆ ಅದನ್ನೂ ಈಗಲೇ ವಿಚಾರಿಸಿಕೊಳ್ಳಿ. ಆವಿ ಹೊರಗೆ ಬಿಡುವ ಬಗ್ಗೆ ನಿಯಮಗಳಿದ್ದರೆ ಟ್ಯಾಂಕಿನ ಆಯ್ಕೆಯೇ ಬದಲಾಗಬಹುದು.

ಯಾವ ಟ್ಯಾಂಕ್, ಎಲ್ಲಿ

ಎಷ್ಟು ಲೀಟರ್ ಹಿಡಿಯುತ್ತದೆ ಅನ್ನುವುದಕ್ಕಿಂತ ಮೊದಲು ಎಲ್ಲಿ ಕೂರುತ್ತದೆ ಅಂತ ನೋಡಬೇಕು. 1970ರ ದಶಕದ ಅಮೆರಿಕದ ಸಣ್ಣ ಕಾರು ಫೋರ್ಡ್ ಪಿಂಟೊದ ಕಥೆ ಇಲ್ಲಿ ಪಾಠದಂತಿದೆ. ಅದರ ಟ್ಯಾಂಕ್ ಹಿಂದಿನ ಆಕ್ಸಲ್‌ಗೂ ಬಂಪರ್‌ಗೂ ನಡುವೆ ಇತ್ತು. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಮುಂದಕ್ಕೆ ಜರುಗಿ ಡಿಫರೆನ್ಷಿಯಲ್‌ನ, ಅಂದರೆ ಆಕ್ಸಲ್ ನಡುವಿನ ಗೇರು ಗುಂಡಿನ, ಬೋಲ್ಟುಗಳಿಗೆ ತಾಗಿ ತೂತಾಗಬಹುದಿತ್ತು. ಪೆಟ್ರೋಲ್ ತುಂಬುವ ಫಿಲ್ಲರ್ ಪೈಪ್ ಟ್ಯಾಂಕಿನಿಂದ ಕಿತ್ತುಕೊಂಡು ಬರಬಹುದಿತ್ತು. 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಿದರು. ಟ್ಯಾಂಕಿನ ಮುಂದೆ ಒಂದು ಪ್ಲಾಸ್ಟಿಕ್ ಕವಚ, ಉದ್ದನೆಯ ಫಿಲ್ಲರ್ ಪೈಪ್, ಇವೇ ರಿಪೇರಿಯಲ್ಲಿ ಮುಖ್ಯವಾಗಿದ್ದವು. ನಾವು ಕೈಯಾರೆ ಕಟ್ಟುವ ಕಾರಿನಲ್ಲೂ ಹಿಂದಿನ ಆಕ್ಸಲ್‌ನ ಆಚೆಗೇ ಹೆಚ್ಚಾಗಿ ಟ್ಯಾಂಕ್ ಬರುವುದು. ಆದ್ದರಿಂದ ಟ್ಯಾಂಕು ಎರಡು ಚಾಸಿಸ್ ಉಕ್ಕುಗಳ ನಡುವೆಯೇ ಇರಲಿ, ಹೊರಗೆ ಚಾಚಬಾರದು. ಟ್ಯಾಂಕಿನ ಎದುರಿಗೆ ಚೂಪಾದ ಬ್ರಾಕೆಟ್, ಉದ್ದ ಬೋಲ್ಟಿನ ತುದಿ, ಶಾಕ್ ಅಬ್ಸಾರ್ಬರ್‌ನ ಕೊಕ್ಕೆ ಏನಿದ್ದರೂ ಕತ್ತರಿಸಿ, ತಿರುಗಿಸಿ ಅಥವಾ ಮುಚ್ಚಿ.

ಇನ್ನು ಲೋಹ. ಉಕ್ಕಿನ ಟ್ಯಾಂಕ್ ಗಟ್ಟಿ, ಪೆಟ್ಟು ತಿಂದರೆ ನೆಗ್ಗುತ್ತದೆ ಹೊರತು ಬೇಗ ಬಿರಿಯುವುದಿಲ್ಲ. ಆದರೆ ನೀರು ನಿಂತರೆ ತುಕ್ಕು. ಸ್ಟೇನ್‌ಲೆಸ್‌ಗೆ ಆ ಚಿಂತೆ ಕಮ್ಮಿ, ಬೆಲೆ ಜಾಸ್ತಿ. ಅಲ್ಯುಮಿನಿಯಂ ಹಗುರ, ನೋಡಲು ಚೆಂದ. ಆದರೆ ಚಾಸಿಸ್ ತಿರುಚಿದಾಗ ಅದರ ವೆಲ್ಡ್ ಅಂಚುಗಳು ಬಿರುಕು ಬಿಡುತ್ತವೆ. ಎಥೆನಾಲ್ ಬೆರೆತ ಪೆಟ್ರೋಲ್ ನೀರು ಹೀರುವುದರಿಂದ ಒಳಗಿನಿಂದಲೂ ಸವೆಯಬಹುದು. ಅಚ್ಚಿನಲ್ಲಿ ಮಾಡಿದ ಪ್ಲಾಸ್ಟಿಕ್ ಟ್ಯಾಂಕ್ ಒಳ್ಳೆಯದೇ, ಆದರೆ ಸಿಗುವ ಆಕಾರಗಳು ಕಮ್ಮಿ. ಒಳಗೆ ಸ್ಪಂಜು ತುಂಬಿದ ರೇಸಿಂಗ್ ಫ್ಯೂಯಲ್ ಸೆಲ್ ಅನ್ನು ದಿನವೂ ಓಡಿಸುವ ಕಾರಿಗೆ ನಾನು ಹಾಕುವುದಿಲ್ಲ. ಕೆಲವು ವರ್ಷಗಳಲ್ಲಿ ಸ್ಪಂಜು ಪುಡಿಯಾಗಿ ಫಿಲ್ಟರ್ ಕಟ್ಟುತ್ತದೆ, ಎಥೆನಾಲ್ ಇದ್ದರೆ ಇನ್ನೂ ಬೇಗ. ರೇಸಿನ ಜನ ಅದನ್ನು ಕಾಲಕಾಲಕ್ಕೆ ಬದಲಿಸುತ್ತಾರೆ, ರಸ್ತೆ ಕಾರಿನವರು ಮರೆತೇಬಿಡುತ್ತಾರೆ.

ಇಂಜೆಕ್ಷನ್ ಎಂಜಿನ್ ಆಗಿದ್ದರೆ ಇನ್ನೊಂದು ವಿಷಯ ಕೊಳ್ಳುವ ಮೊದಲೇ ನೋಡಿ. ಪಂಪಿನ ಸುತ್ತ ಒಂದು ಸಣ್ಣ ತಟ್ಟೆ ಅಥವಾ ತಡೆಗೋಡೆ ಇದೆಯಾ? ಇಲ್ಲದ ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಉಳಿದಿದ್ದಾಗ ಜೋರಾಗಿ ತಿರುವು ತಗೊಂಡರೆ ಪೆಟ್ರೋಲೆಲ್ಲ ಒಂದು ಮೂಲೆಗೆ ಓಡುತ್ತದೆ, ಪಂಪ್ ಗಾಳಿ ಎಳೆಯುತ್ತದೆ. ಕಾರ್ಬ್ಯುರೇಟರ್‌ನ ಬಟ್ಟಲಲ್ಲಿ ಸ್ವಲ್ಪ ಪೆಟ್ರೋಲ್ ಇರುವುದರಿಂದ ಅದು ಸುಧಾರಿಸಿಕೊಳ್ಳುತ್ತದೆ. ಇಂಜೆಕ್ಷನ್‌ಗೆ ಆ ಸೌಲಭ್ಯ ಇಲ್ಲ, ತಕ್ಷಣ ಮಿಸ್ ಹೊಡೆಯುತ್ತದೆ.

ತೂಕವನ್ನೂ ಲೆಕ್ಕ ಹಾಕಿ. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ. 60 ಲೀಟರ್ ಅಂದರೆ 44 ಕೆಜಿಗೂ ಜಾಸ್ತಿ, ಅದರ ಮೇಲೆ ಟ್ಯಾಂಕಿನ ತೂಕ. ಬ್ರೇಕ್ ಒತ್ತಿದಾಗ ಅದಷ್ಟೂ ಪಟ್ಟಿಗಳನ್ನು ಎಳೆಯುತ್ತದೆ.

ಮೊದಲು ರಟ್ಟಿನ ಟ್ಯಾಂಕ್

ಟ್ಯಾಂಕಿನ ಅಳತೆಗೆ ಸರಿಯಾಗಿ ರಟ್ಟಿನ ಪೆಟ್ಟಿಗೆ ಮಾಡಿ. ಫಿಲ್ಲರ್ ಬಾಯಿ, ಪಂಪಿನ ಮುಚ್ಚಳ, ಅದರ ಮೇಲೆ ಏಳುವ ಫಿಟ್ಟಿಂಗುಗಳು, ಎಲ್ಲವನ್ನೂ ಥರ್ಮೊಕೋಲಿನಲ್ಲಿ ಕತ್ತರಿಸಿ ಅಂಟಿಸಿ. ಇದು ಮಕ್ಕಳ ಆಟದ ಹಾಗೆ ಕಾಣಬಹುದು. ಆದರೆ ಟ್ಯಾಂಕ್ ಕೂತರೂ ಅದರ ಮೇಲಿನ ಫಿಟ್ಟಿಂಗಿಗೆ ಜಾಗ ಸಾಲದೆ ಹೋಸು ಮಡಚಿಕೊಳ್ಳುವುದು ತೀರಾ ಸಾಮಾನ್ಯ. ನನ್ನ ಮೊದಲ ಕಾರಿನಲ್ಲಿ ಆದದ್ದೂ ಅದೇ. ಟ್ಯಾಂಕಿನ ತಲೆಗೂ ಡಿಕ್ಕಿ ನೆಲಕ್ಕೂ ನಡುವೆ ಹೋಸು ತನ್ನಷ್ಟಕ್ಕೆ ಬಾಗಲು ಜಾಗ ಬೇಕು. ನೇರ ಫಿಟ್ಟಿಂಗ್ ಬದಲು 90 ಡಿಗ್ರಿಯದು ಹಾಕಿದರೆ 30–40 ಮಿಲಿಮೀಟರ್ ಉಳಿಯುತ್ತದೆ.

ರಟ್ಟಿನ ಪೆಟ್ಟಿಗೆಯನ್ನು ಜಾಗದಲ್ಲಿ ಕಟ್ಟಿ, ಹಿಂದಿನ ಸಸ್ಪೆನ್ಷನ್ ಪೂರ್ತಿ ಆಡಿಸಿ ನೋಡಿ. ಕಾಯಿಲ್ ಸ್ಪ್ರಿಂಗ್ ಆಗಿದ್ದರೆ ಬಿಚ್ಚಿಟ್ಟು, ಜ್ಯಾಕ್‌ನಿಂದ ಆಕ್ಸಲ್ಲನ್ನು ರಬ್ಬರ್ ಸ್ಟಾಪರ್‌ಗೆ ತಾಗುವವರೆಗೆ ಎತ್ತಿ. ಆಮೇಲೆ ಒಂದೇ ಚಕ್ರ ಎತ್ತಿ ನೋಡಿ, ಗುಂಡಿಗೆ ಬಿದ್ದಾಗ ಆಕ್ಸಲ್ ವಾಲುತ್ತದೆ ಅಲ್ವಾ. ಎಲ್ಲ ಸ್ಥಿತಿಯಲ್ಲೂ ಎರಡು ಬೆರಳು ಹೋಗುವಷ್ಟು ಸಂದು ಇರಲೇಬೇಕು. ಸೈಲೆನ್ಸರ್ ಪೈಪಿನಿಂದ ಕೈಯಗಲ ದೂರ ಬೇಕು, ಅಷ್ಟಿದ್ದರೂ ನಡುವೆ ಒಂದು ತಗಡಿನ ಶಾಖ ತಡೆ ಹಾಕಿ. ತಡೆಗೂ ಟ್ಯಾಂಕಿಗೂ ನಡುವೆ ಗಾಳಿ ಆಡುವಂತಿರಲಿ. ಟ್ಯಾಂಕಿಗೆ ಅಂಟಿದ ತಡೆ ಶಾಖವನ್ನು ತಡೆಯುವುದಿಲ್ಲ, ದಾಟಿಸುತ್ತದೆ. ಟ್ಯಾಂಕಿನ ತಳ ಆಕ್ಸಲ್‌ಗಿಂತ ಕೆಳಗೆ ಇಳಿಯಬಾರದು.

ಟ್ಯಾಂಕ್ ನೆಲದ ಮೇಲಿರುವಾಗಲೇ ಮುಗಿಸಬೇಕಾದದ್ದು

ಹೊಸ ಟ್ಯಾಂಕ್ ಅಂದರೆ ಸ್ವಚ್ಛ ಅಂತಲ್ಲ. ಒಳಗೆ ಲೋಹದ ಚೂರು, ವೆಲ್ಡ್ ಕಾಳು ಇರುತ್ತವೆ. ಟಾರ್ಚ್ ಬಿಟ್ಟು ನೋಡಿ. ಒಣ ಬಟ್ಟೆಯಲ್ಲಿ ಒರೆಸಿ, ಅಯಸ್ಕಾಂತ ಆಡಿಸಿ, ವ್ಯಾಕ್ಯೂಮ್ ಹಾಕಿ. ಈ ಕೊನೆಯದನ್ನು ಪೆಟ್ರೋಲನ್ನೇ ಕಾಣದ ಹೊಸ ಟ್ಯಾಂಕಿಗೆ ಮಾತ್ರ ಮಾಡಬೇಕು. ಒಮ್ಮೆ ಪೆಟ್ರೋಲ್ ತಾಗಿದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತರಬೇಡಿ.

ಮೀಟರ್ ಮುಳ್ಳಿನ ವಿಷಯ. ಟ್ಯಾಂಕಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಫ್ಲೋಟ್ ಮತ್ತು ಡ್ಯಾಶ್‌ಬೋರ್ಡಿನ ಮೀಟರ್ ಒಂದೇ ಓಮ್ (ವಿದ್ಯುತ್ ತಡೆಯ ಅಳತೆ) ಭಾಷೆ ಮಾತಾಡಬೇಕು. ಬಿಡಿಭಾಗದ ಯುನಿವರ್ಸಲ್ ಮೀಟರುಗಳು ಹೆಚ್ಚಾಗಿ ಖಾಲಿಗೆ 240 ಓಮ್, ಪೂರ್ತಿಗೆ 33 ಓಮ್. ಹಳೆಯ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಖಾಲಿಗೆ 0, ಪೂರ್ತಿಗೆ 90. ಹಳೆಯ ಫೋರ್ಡ್‌ಗಳಲ್ಲಿ ಖಾಲಿಗೆ 73, ಪೂರ್ತಿಗೆ ಸುಮಾರು 10. ಇವುಗಳನ್ನು ಅಡ್ಡಾದಿಡ್ಡಿ ಬೆರೆಸಿದರೆ ತುಂಬಿದ ಟ್ಯಾಂಕು ಖಾಲಿ ಅಂತ ತೋರಿಸುತ್ತದೆ. ಅದಕ್ಕಿಂತ ಕೆಟ್ಟದ್ದು ಖಾಲಿ ಟ್ಯಾಂಕು ತುಂಬಿದೆ ಅಂತ ತೋರಿಸುವುದು. ಮಲ್ಟಿಮೀಟರ್ ಹಿಡಿದು ಫ್ಲೋಟಿನ ಕೋಲನ್ನು ಕೈಯಲ್ಲೇ ಮೇಲೆ ಕೆಳಗೆ ಆಡಿಸಿ ಓಮ್ ನೋಡಿ. ಮೀಟರಿನ ಹಿಂಬದಿಯಲ್ಲಿ ಬರೆದದ್ದಕ್ಕೆ ತಾಳೆಯಾದರೆ ಮುಂದೆ ಹೋಗಿ. ಕೋಲಿನ ತಿರುಗುವ ಕೀಲು ಟ್ಯಾಂಕಿನ ಆಳದ ಸರಿ ನಡುವೆ ಬರಬೇಕು. ಫ್ಲೋಟು ತಳಕ್ಕೂ ತಲೆಗೂ ಬಡಿಯದೆ, ತಡೆಗೋಡೆಗೆ ತಾಗದೆ ಆಡಬೇಕು.

ಪಂಪ್ ಒಳಗಿರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಿದ್ಯುತ್ ಪಂಪುಗಳು ತಳ್ಳುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ಬಡಪಾಯಿ. ಹೊರಗೆ ಎತ್ತರದಲ್ಲಿ ಕೂರಿಸಿದರೆ ಬಿಸಿ ದಿನ ಪೆಟ್ರೋಲ್ ಎಳೆತಕ್ಕೇ ಕುದಿದು ಗುಳ್ಳೆ ಕಟ್ಟುತ್ತದೆ. ಒಳಗಿದ್ದರೆ ಪೆಟ್ರೋಲೇ ಪಂಪನ್ನು ತಣ್ಣಗಿಡುತ್ತದೆ, ಸದ್ದೂ ಕಮ್ಮಿ. ಪಂಪಿನ ಬಾಯಿಯ ಜಾಲರಿ ಚೀಲ ಟ್ಯಾಂಕಿನ ತಳದ ಹತ್ತಿರ ಮಟ್ಟಸವಾಗಿ ಮಲಗಿರಬೇಕು. ಪಂಪಿನ ಮೈ ಮಾತ್ರ ತಳಕ್ಕೆ ಒತ್ತಬಾರದು. ಒತ್ತಿದರೆ ಅದರ ಗುಂಯ್ ಸದ್ದಿಗೆ ಟ್ಯಾಂಕೇ ತಮಟೆಯಾಗುತ್ತದೆ.

ಟ್ಯಾಂಕಿನೊಳಗೆ ಪಂಪಿನಿಂದ ಮುಚ್ಚಳದವರೆಗೆ ಹೋಗುವ ಗಿಡ್ಡ ಹೋಸಿನ ಮೇಲೆ 'ಎಸ್‌ಎಇ ಜೆ30ಆರ್10' ಅಂತ ಬರೆದಿರಬೇಕು. ಹೊರಗೆ ಬಳಸುವ ಇಂಜೆಕ್ಷನ್ ಹೋಸು 'ಆರ್9'. ಅದರ ಒಳಪದರ ಪೆಟ್ರೋಲಿಗೆ ತಡೆಯುತ್ತದೆ, ಹೊರಪದರ ಸದಾ ಮುಳುಗಿರಲು ಮಾಡಿದ್ದಲ್ಲ. ತಪ್ಪು ಹೋಸು ಹಾಕಿದರೆ ಕೆಲವು ತಿಂಗಳಲ್ಲಿ ಮೆತ್ತಗಾಗಿ ಬಿರಿಯುತ್ತದೆ. ಆಮೇಲೆ ಪಂಪ್ ಸರಿಯಾಗಿ ತಿರುಗುತ್ತಿದ್ದರೂ ಒತ್ತಡ ಮೇಲೇಳುವುದಿಲ್ಲ. ಎಲ್ಲರೂ ಹೊರಗೇ ಹುಡುಕುತ್ತಾರೆ, ತಪ್ಪು ಒಳಗಿರುತ್ತದೆ.

ಪಂಪಿನ ಮುಚ್ಚಳದ ಗ್ಯಾಸ್ಕೆಟ್ಟಿಗೆ ಸಿಲಿಕಾನ್ ಹಚ್ಚಬೇಡಿ. ಪೆಟ್ರೋಲ್ ತಾಗಿದರೆ ಸಾಮಾನ್ಯ ಸಿಲಿಕಾನ್ ಉಬ್ಬಿ ಜೆಲ್ಲಿಯಾಗಿ ಕಿತ್ತುಕೊಂಡು ಜಾಲರಿಗೆ ಹೋಗಿ ಅಂಟುತ್ತದೆ. ಗ್ಯಾಸ್ಕೆಟ್ ಒಣದಾಗಿಯೇ ಕೂರಲಿ. ಬೋಲ್ಟುಗಳನ್ನು ಒಂದರ ಎದುರು ಒಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಸಣ್ಣ ಬೋಲ್ಟುಗಳವು, ಉದ್ದ ಹಿಡಿಯ ರಾಟ್ಚೆಟ್ ಬೇಡ.

ಸೋರಿಕೆ ಪರೀಕ್ಷೆ: ಕಂಪ್ರೆಸರ್ ದೂರ ಇರಲಿ

ಈ ಪರೀಕ್ಷೆಯನ್ನು ಟ್ಯಾಂಕ್ ಇನ್ನೂ ನೆಲದ ಮೇಲಿರುವಾಗ, ಪೆಟ್ರೋಲ್ ಹಾಕುವ ಮೊದಲೇ ಮಾಡಿ. ಸುಮ್ನೆ ಕಂಪ್ರೆಸರ್ ಹೋಸು ಚುಚ್ಚಿ ಗಾಳಿ ಬಿಟ್ಟವರ ಟ್ಯಾಂಕು ಮಡಕೆಯಂತೆ ಉಬ್ಬಿದ್ದನ್ನು ನೋಡಿದ್ದೇನೆ. ಕಾರಣ ಸರಳ. 60 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಉದ್ದದ ತಗಡಿನ ಮೇಲೆ ಬರೀ 10 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಗಾಳಿ ಒತ್ತಿದರೆ ಅದು ಮೂರು ಟನ್ನಿಗೂ ಜಾಸ್ತಿ ಭಾರ. ಟೈರಿಗೆ ನಾವು ಹಾಕುವುದರ ಮೂರನೇ ಒಂದು ಭಾಗ ಅದು.

ನಾನು ಮಾಡುವುದು ಹೀಗೆ. ಎರಡು ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ಹೋಸು ತಗೊಂಡು ಹಲಗೆಯ ಮೇಲೆ ಇಂಗ್ಲಿಷಿನ 'ಯು' ಆಕಾರದಲ್ಲಿ ಅಂಟಿಸುತ್ತೇನೆ. ಅರ್ಧ ಮಟ್ಟಕ್ಕೆ ನೀರು ತುಂಬಿ, ಒಂದು ತುದಿಯನ್ನು ಟ್ಯಾಂಕಿನ ಒಂದು ಬಾಯಿಗೆ ಸೇರಿಸುತ್ತೇನೆ. ಉಳಿದ ಬಾಯಿಗಳಿಗೆಲ್ಲ ಬಿರಡೆ. ಇನ್ನೊಂದು ಫಿಟ್ಟಿಂಗಿನಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹಾಕಿದರೆ ಒಂದು ಕಡೆ ನೀರು ಏರುತ್ತದೆ. ಎರಡು ಕಡೆಯ ನೀರಿನ ನಡುವೆ 50 ಸೆಂಟಿಮೀಟರ್ ವ್ಯತ್ಯಾಸ ಬಂದಾಗ ನಿಲ್ಲಿಸಿ. ಅದು ಸುಮಾರು 0.7 ಪಿಎಸ್‌ಐ. ಸೋರಿಕೆ ಹಿಡಿಯಲು ಅಷ್ಟು ಬೇಕಾದಷ್ಟಾಯಿತು. ಗಾಳಿ ಜಾಸ್ತಿಯಾದರೆ ನೀರೇ ಹೊರಗೆ ಚಿಮ್ಮುತ್ತದೆ, ಟ್ಯಾಂಕು ಉಳಿಯುತ್ತದೆ.

ಹದಿನೈದು ನಿಮಿಷ ಬಿಟ್ಟು ಮಟ್ಟ ನೋಡಿ. ಒಂದು ಎಚ್ಚರಿಕೆ ಇದೆ. ಟ್ಯಾಂಕಿನೊಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ನೀರಿನ ಮಟ್ಟದಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಇಳಿಯುತ್ತದೆ. ಬಿಸಿಲಿನಲ್ಲಿಟ್ಟು ಪರೀಕ್ಷೆ ಮಾಡಿದರೆ ಮೋಡ ಬಂದಾಗೆಲ್ಲ ಸೋರಿದ ಹಾಗೆ ಕಾಣುತ್ತದೆ. ನೆರಳಿನಲ್ಲಿ, ಕೈ ತಾಗಿಸದೆ ಬಿಡಿ. ಇಳಿಯುತ್ತಲೇ ಇದ್ದರೆ ಸೋಪಿನ ನೀರು ಬ್ರಷ್‌ನಲ್ಲಿ ಹಚ್ಚಿ. ಹೆಚ್ಚಿನ ಸಲ ವೆಲ್ಡಿಗಿಂತ ಪಂಪಿನ ಮುಚ್ಚಳ, ವೈರು ಹೊರಬರುವ ಜಾಗ, ಫ್ಲೋಟಿನ ಸ್ಕ್ರೂಗಳಲ್ಲೇ ಗುಳ್ಳೆ ಏಳುತ್ತದೆ.

ಹಿಡಿಸುವುದು

ಟ್ಯಾಂಕನ್ನು ಬಿಗಿಯಾಗಿ ಹಿಡಿಯಬೇಕು, ಆದರೆ ಚಾಸಿಸ್‌ನ ತಿರುಚು ಅದಕ್ಕೆ ದಾಟಬಾರದು. ಅದಕ್ಕೇ ನನಗೆ ಪಟ್ಟಿಗಳೇ ಇಷ್ಟ. ಎರಡು ಉಕ್ಕಿನ ಪಟ್ಟಿ, 30–40 ಮಿಲಿಮೀಟರ್ ಅಗಲ, ಒಂದು ತುದಿ ಕೀಲಿನಲ್ಲಿ, ಇನ್ನೊಂದು ತುದಿ ಉದ್ದ ಬೋಲ್ಟಿನಲ್ಲಿ. ಟ್ಯಾಂಕಿನ ಕಿವಿಗಳಿಗೆ ನೇರ ಬೋಲ್ಟ್ ಹಾಕುವ ವಿನ್ಯಾಸವಾದರೆ ಪ್ರತಿ ಬೋಲ್ಟಿಗೂ ರಬ್ಬರ್ ಬುಷ್ ಬೇಕು. ನಾಲ್ಕೂ ಕಿವಿಯನ್ನು ಚಾಸಿಸ್‌ಗೆ ಗಟ್ಟಿಯಾಗಿ ಬಿಗಿದ ಅಲ್ಯುಮಿನಿಯಂ ಟ್ಯಾಂಕು ಬಿರುಕು ಬಿಡುವುದು ಸಮಯದ ಪ್ರಶ್ನೆ ಅಷ್ಟೇ. ಡಿಕ್ಕಿಯ ತೆಳು ತಗಡಿಗೆ ಮಾತ್ರ ಪಟ್ಟಿ ಕಟ್ಟಬೇಡಿ. ಚಾಸಿಸ್ ಉಕ್ಕಿಗೆ ಅಥವಾ ಅದಕ್ಕೆ ಸೇರಿಸಿದ ಅಡ್ಡ ಉಕ್ಕಿಗೆ ಕಟ್ಟಿ. ಅಡ್ಡ ಉಕ್ಕಿನ ವೆಲ್ಡ್, ತೂತು, ಪೇಂಟ್ ಎಲ್ಲ ಟ್ಯಾಂಕು ಬರುವ ಮುಂಚೆಯೇ ಮುಗಿದಿರಲಿ.

ಲೋಹಕ್ಕೆ ಲೋಹ ತಾಗಬಾರದು. ನಡುವೆ ನೈಟ್ರೈಲ್ ಅಥವಾ ನಿಯೊಪ್ರೀನ್ ರಬ್ಬರ್ ಪಟ್ಟಿ ಇಡಿ. ಹಳೆ ಟ್ಯೂಬು ಕತ್ತರಿಸಿ ಇಡುವ ಅಭ್ಯಾಸ ಬಿಡಿ, ಅದು ಪೆಟ್ರೋಲ್ ಬಿದ್ದರೆ ಉಬ್ಬಿ ಮೆತ್ತಗಾಗುತ್ತದೆ. ಬಟ್ಟೆ, ಫೆಲ್ಟ್ ಕೂಡ ಬೇಡ, ನೀರು ಹಿಡಿದಿಟ್ಟುಕೊಂಡು ಅಲ್ಲೇ ತುಕ್ಕು ಹಿಡಿಸುತ್ತದೆ. ಎರಡೂ ಪಟ್ಟಿಯನ್ನು ಸರದಿಯಂತೆ ಬಿಗಿ ಮಾಡಿ. ರಬ್ಬರ್ ಸ್ವಲ್ಪ ಅದುಮಿದಂತೆ ಕಂಡು, ಟ್ಯಾಂಕನ್ನು ಎರಡು ಕೈಯಲ್ಲಿ ಅಲುಗಿಸಿದರೆ ಇಡೀ ಕಾರು ಅಲುಗಿದರೆ ಸಾಕು. ತಗಡು ನೆಗ್ಗುವಷ್ಟು ಬಿಗಿ ಬೇಡ. ನೈಲಾನ್ ಲಾಕ್ ನಟ್ ಹಾಕಿ.

ಫಿಲ್ಲರ್ ಪೈಪ್ ಮತ್ತು ಗಾಳಿಯ ದಾರಿ

ಎಲ್ಲರೂ ಅವಸರ ಮಾಡುವುದು ಇಲ್ಲೇ. ಬಂಕಿನ ಗನ್ ನಿಮಿಷಕ್ಕೆ 30–40 ಲೀಟರ್ ಸುರಿಯುತ್ತದೆ. ಅಷ್ಟೇ ಗಾಳಿ ಅದೇ ನಿಮಿಷದಲ್ಲಿ ಟ್ಯಾಂಕಿನಿಂದ ಹೊರಬರಬೇಕು. ಗನ್ನಿನ ತುದಿಯಲ್ಲಿ ಒಂದು ಸಣ್ಣ ತೂತಿದೆ, ನೋಡಿದ್ದೀರಾ? ಪೆಟ್ರೋಲ್ ಆ ತೂತು ಮುಚ್ಚಿದ ಕೂಡಲೇ ಗನ್ ತಾನಾಗಿ ನಿಲ್ಲುತ್ತದೆ. ಟ್ಯಾಂಕಿನ ಗಾಳಿಗೆ ಬೇರೆ ದಾರಿ ಇಲ್ಲದಿದ್ದರೆ ಅದು ಪೆಟ್ರೋಲನ್ನೇ ತಳ್ಳಿಕೊಂಡು ಪೈಪಿನಲ್ಲಿ ಮೇಲೆ ಬರುತ್ತದೆ, ತೂತು ಮುಚ್ಚುತ್ತದೆ, ಗನ್ 'ಕ್ಲಿಕ್'. ಐದು ಲೀಟರಿಗೊಮ್ಮೆ ಕ್ಲಿಕ್ ಅನ್ನುವ ಕಸ್ಟಮ್ ಕಾರುಗಳೆಲ್ಲ ಇದೇ ಕಾಯಿಲೆಯವು.

ಮದ್ದು ಇಷ್ಟೇ. ಫಿಲ್ಲರ್ ಪೈಪಿನ ಒಳ ಅಗಲ 50 ಮಿಲಿಮೀಟರ್ ಇಡಿ. ಅದರ ಪಕ್ಕದಲ್ಲೇ 15–16 ಮಿಲಿಮೀಟರಿನ ಇನ್ನೊಂದು ಹೋಸು ಟ್ಯಾಂಕಿನ ತಲೆಯಿಂದ ಹೊರಟು ಫಿಲ್ಲರ್ ಬಾಯಿಯ ಹತ್ತಿರ ಸೇರಲಿ. ತುಂಬುವಾಗ ಗಾಳಿ ಹೊರಬರುವುದು ಈ ದಾರಿಯಲ್ಲಿ. ಎರಡೂ ಪೈಪು ಬಾಯಿಯಿಂದ ಟ್ಯಾಂಕಿನವರೆಗೆ ಇಳಿಜಾರಾಗಿಯೇ ಇರಬೇಕು. ನಡುವೆ ಎಲ್ಲಾದರೂ ಹೊಟ್ಟೆ ಇಳಿಬಿದ್ದರೆ ಅಲ್ಲಿ ಪೆಟ್ರೋಲ್ ನಿಂತು ಗಾಳಿಗೆ ಬಿರಡೆ ಹಾಕಿದಂತಾಗುತ್ತದೆ. ಲೋಹದ ಫಿಲ್ಲರ್ ಬಾಯಿಯಿಂದ ಬಾಡಿಗೆ ಒಂದು ಅರ್ಥ್ ತಂತಿ ಹಾಕಿ. ನಡುವಿನ ರಬ್ಬರ್ ಹೋಸು ಕರೆಂಟ್ ದಾಟಿಸುವುದಿಲ್ಲ, ಪೆಟ್ರೋಲ್ ಹರಿಯುವಾಗ ಸ್ಥಿರ ವಿದ್ಯುತ್ ಕೂಡಿಕೊಳ್ಳಬಹುದು. ಹೋಸು ಪೆಟ್ರೋಲ್ ಫಿಲ್ಲರ್‌ಗೆಂದೇ ಮಾಡಿದ್ದಾಗಿರಲಿ, ರೇಡಿಯೇಟರ್ ಹೋಸು ಖಂಡಿತ ಬೇಡ.

ಎರಡನೇ ದಾರಿ ದಿನನಿತ್ಯದ ಉಸಿರಾಟದ್ದು. 60 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಒಂದು ಲೀಟರಿಗೂ ಜಾಸ್ತಿ ಹಿಗ್ಗುತ್ತದೆ. ನೆಲದಡಿಯ ಟ್ಯಾಂಕಿಯಿಂದ ತಣ್ಣಗೆ ಬಂದ ಪೆಟ್ರೋಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಹಾಗಾಗಿ ಟ್ಯಾಂಕು 'ಪೂರ್ತಿ' ಅಂದಾಗಲೂ ತಲೆಯಲ್ಲಿ ಶೇಕಡಾ 5ರಿಂದ 10 ಜಾಗ ಖಾಲಿ ಉಳಿಯಬೇಕು. ಫಿಲ್ಲರ್ ಪೈಪು ಟ್ಯಾಂಕಿನ ಪಕ್ಕಕ್ಕೆ ಎಷ್ಟು ಎತ್ತರದಲ್ಲಿ ಸೇರುತ್ತದೆ, ಗಾಳಿಯ ಹೋಸು ಎಲ್ಲಿಂದ ಹೊರಡುತ್ತದೆ ಅನ್ನುವುದರ ಮೇಲೆ ಈ ಜಾಗ ನಿರ್ಧಾರವಾಗುತ್ತದೆ.

ಉಸಿರಾಟದ ಹೋಸು ಟ್ಯಾಂಕಿನ ಅತಿ ಎತ್ತರದ ಬಿಂದುವಿನಿಂದ ಹೊರಡಬೇಕು. ಅಲ್ಲಿ ರೋಲ್‌ಓವರ್ ವಾಲ್ವ್ ಕಡ್ಡಾಯ. ಒಳಗೊಂದು ಗುಂಡು ಇರುತ್ತದೆ, ಕಾರು ಮಗುಚಿದರೆ ಅದು ಬಾಯಿ ಮುಚ್ಚುತ್ತದೆ. ವಾಲ್ವ್ ನೆಟ್ಟಗೆ ನಿಂತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಕೊಳ್ಳುವಾಗಲೇ ಕೈಯಲ್ಲಿ ಹಿಡಿದು ಊದಿ ನೋಡಿ, ತಲೆಕೆಳಗು ಮಾಡಿ ಊದಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿಂದ ಹೋಸು ಮೊದಲು ಮೇಲೆ ಹೋಗಲಿ, ಸಾಧ್ಯವಾದರೆ ಫಿಲ್ಲರ್ ಬಾಯಿಯ ಎತ್ತರದವರೆಗೆ ಹೋಗಲಿ. ಆಮೇಲೆ ಕೆಳಗಿಳಿದು ಬಾಡಿಯ ಹೊರಗೆ, ಸೈಲೆನ್ಸರಿನಿಂದ ದೂರ ತೆರೆದುಕೊಳ್ಳಲಿ. ತುದಿಯಲ್ಲಿ ಸಣ್ಣ ಫಿಲ್ಟರ್ ಹಾಕಿ, ಕೆಸರು, ಹುಳು ಕಟ್ಟದಿರಲಿ. ಇನ್ನೂ ಒಳ್ಳೆಯ ದಾರಿ ಇದ್ದಿಲ ಡಬ್ಬಿ, ಅಂದರೆ ಚಾರ್ಕೋಲ್ ಕ್ಯಾನಿಸ್ಟರ್. ಆವಿಯನ್ನು ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ, ಎಂಜಿನ್ ಓಡುವಾಗ ಅದನ್ನೇ ಎಳೆದು ಸುಡುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲುವ ಕಾರಾದರೆ ಖಂಡಿತ ಹಾಕಿ. ಫಿಲ್ಲರ್ ಬಾಯಿ ಡಿಕ್ಕಿಯೊಳಗೇ ಇದ್ದರೆ ಗಾಳಿ ಬಿಡುವ ಮುಚ್ಚಳ ಬೇಡವೇ ಬೇಡ. ಗಟ್ಟಿ ಮುಚ್ಚಳ ಹಾಕಿ, ಉಸಿರನ್ನು ಹೋಸಿನಲ್ಲೇ ಹೊರಗೆ ಕಳಿಸಿ.

ಎಂಜಿನ್‌ವರೆಗಿನ ಲೈನ್

ಕಾರ್ಬ್ಯುರೇಟರ್‌ಗೆ 5–7 ಪಿಎಸ್‌ಐ ಸಾಕು, ಜಾಸ್ತಿಯಾದರೆ ಸೂಜಿ ವಾಲ್ವನ್ನು ತಳ್ಳಿಕೊಂಡು ಪೆಟ್ರೋಲ್ ಉಕ್ಕುತ್ತದೆ. ಇಂಜೆಕ್ಷನ್‌ಗೆ ಸಾಮಾನ್ಯವಾಗಿ 43ರಿಂದ 58 ಪಿಎಸ್‌ಐ. ರಸ್ತೆ ಕಾರಿಗೆ ಎಎನ್ 6, ಅಂದರೆ ಮೂರು ಅಷ್ಟಮಾಂಶ ಇಂಚಿನ ಲೈನು ಧಾರಾಳ. ತುಂಬಾ ಶಕ್ತಿಯ ಎಂಜಿನ್ ಆದರೆ ಎಎನ್ 8. ಎಎನ್ ಫಿಟ್ಟಿಂಗಿನ ಕೋನ 37 ಡಿಗ್ರಿ, ಮಾಮೂಲಿ ಫ್ಲೇರ್ 45 ಡಿಗ್ರಿ. ನೂಲು ಹೊಂದಿಕೊಂಡು ಕೂತ ಹಾಗೆ ಕಂಡರೂ ಎರಡನ್ನೂ ಬೆರೆಸಿದರೆ ಸೋರುತ್ತದೆ. ಕೋನದ ಮೇಲೆ ಟೇಪು ಸುತ್ತಬೇಡಿ, ಅಲ್ಲಿ ಲೋಹವೇ ಮುಚ್ಚಬೇಕು. ಇಳಿಜಾರು ನೂಲಿನ ಎನ್‌ಪಿಟಿ ಫಿಟ್ಟಿಂಗಿಗೆ ಮಾತ್ರ ಪೆಟ್ರೋಲ್ ತಡೆಯುವ ಪೇಸ್ಟ್ ಹಚ್ಚಿ.

ಉದ್ದಕ್ಕೂ ಲೋಹದ ಪೈಪ್ ಎಳೆದು, ಟ್ಯಾಂಕಿನ ಹತ್ತಿರ ಮತ್ತು ಎಂಜಿನ್ ಹತ್ತಿರ ಮಾತ್ರ ಹೋಸು ಇಡುವುದು ನನ್ನ ಪದ್ಧತಿ. ಎಂಜಿನ್ ಅಲುಗುತ್ತದೆ, ಅಲ್ಲಿ ಹೋಸು ಬೇಕೇ ಬೇಕು. ಎಥೆನಾಲ್ ಬೆರೆತ ಪೆಟ್ರೋಲ್ ಆದರೆ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಒಳಪದರದ ಹೋಸು ಬಾಳಿಕೆ ಬರುತ್ತದೆ, ಪೆಟ್ರೋಲ್ ವಾಸನೆಯನ್ನೂ ಹೊರಗೆ ಬಿಡುವುದಿಲ್ಲ. ಪೈಪನ್ನು ಚಾಸಿಸ್ ಉಕ್ಕಿನ ಒಳಮೈಗೆ ರಬ್ಬರ್ ಕ್ಲಿಪ್ಪಿನಲ್ಲಿ ಮೊಳಕ್ಕೊಂದರಂತೆ ಹಿಡಿಸಿ. ಸೈಲೆನ್ಸರ್ ಒಂದು ಬದಿ ಹೋದರೆ ಪೆಟ್ರೋಲ್ ಇನ್ನೊಂದು ಬದಿ ಹೋಗಲಿ. ಪ್ರೊಪೆಲರ್ ಶಾಫ್ಟ್ ಕಳಚಿ ಬಿದ್ದರೆ ಚಾವಟಿಯಂತೆ ಹೊಡೆಯುತ್ತದೆ, ಅದರ ಸುತ್ತಿನಲ್ಲಿ ಪೈಪು ಇರಬಾರದು. ಪಂಪಿನ ಮುಂಚೆ 100 ಮೈಕ್ರಾನ್ ಜಾಲರಿ, ಪಂಪಿನ ನಂತರ 10 ಮೈಕ್ರಾನ್ ಫಿಲ್ಟರ್. ಇದನ್ನು ಅದಲು ಬದಲು ಮಾಡಿದರೆ ಪಂಪಿಗೆ ಉಸಿರು ಕಟ್ಟುತ್ತದೆ.

ಎಂಜಿನ್‌ಗೆ ಬೇಡವಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಲೈನ್ ಇದ್ದರೆ ಅದು ಪಂಪಿನ ತಟ್ಟೆಯೊಳಗೇ, ಪೆಟ್ರೋಲ್ ಮಟ್ಟದ ಕೆಳಗೆ ಬಂದು ಬೀಳಲಿ. ಮೇಲಿನಿಂದ ಸುರಿದರೆ ನೊರೆ ಏಳುತ್ತದೆ, ಜಾಲರಿಯ ಬಾಯಿಗೇ ಬಿಟ್ಟರೆ ಆ ಗುಳ್ಳೆಗಳನ್ನೇ ಪಂಪ್ ಎಳೆಯುತ್ತದೆ.

ವೈರಿಂಗ್

ಪಂಪಿಗೆ ರಿಲೇ ಮೂಲಕ, ಬ್ಯಾಟರಿಯ ಹತ್ತಿರ ಫ್ಯೂಸ್ ಇಟ್ಟು ಕರೆಂಟ್ ಕೊಡಿ. ಹಿಂದಿನವರೆಗೆ ಹೋಗುವ ವೈರು 4 ಚದರ ಮಿಲಿಮೀಟರ್ ಇರಲಿ. ಅರ್ಥಿಂಗ್ ಪೇಂಟ್ ಕೆರೆದ ಲೋಹಕ್ಕೆ. ಪಂಪ್ ಓಡುವಾಗ ಬ್ಯಾಟರಿಯಲ್ಲೂ ಪಂಪಿನ ತುದಿಯಲ್ಲೂ ವೋಲ್ಟ್ ಅಳೆಯಿರಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಜಾಸ್ತಿ ಇದ್ದರೆ ವೈರು ಅಥವಾ ಅರ್ಥಿಂಗ್ ಸರಿಯಿಲ್ಲ. ಟ್ಯಾಂಕಿನೊಳಗೆ ವೈರು ಹೋಗುವ ಜಾಗದಲ್ಲಿ ಅದಕ್ಕೆಂದೇ ಮಾಡಿದ ಸೀಲ್ ಕನೆಕ್ಟರ್ ಬೇಕು, ತೂತು ಕೊರೆದು ಗಮ್ ತುಂಬುವುದಲ್ಲ.

ಎಂಜಿನ್ ನಿಂತರೆ ಪಂಪ್ ನಿಲ್ಲಬೇಕು. ಇಂಜೆಕ್ಷನ್ ಕಾರಿನಲ್ಲಿ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಅದನ್ನು ನೋಡಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಕಾರಿಗೆ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಕರೆಂಟ್ ಕೊಡಿ. ಜೊತೆಗೆ ಇನರ್ಷಿಯಾ ಸ್ವಿಚ್ ಒಂದು ಹಾಕಿ, ಗುದ್ದಿದಾಗ ಅದೇ ಪಂಪಿನ ಕರೆಂಟ್ ಕಡಿಯುತ್ತದೆ. ಅಪಘಾತದಲ್ಲಿ ಪೈಪು ಕತ್ತರಿಸಿ ಹೋಗಿ ಪಂಪು ಮಾತ್ರ ಓಡುತ್ತಿದ್ದರೆ ಏನಾಗುತ್ತದೆ ಅಂತ ಒಮ್ಮೆ ಯೋಚಿಸಿ. ಇದರಲ್ಲಿ ಹಣ ಉಳಿಸಬೇಡಿ.

ಮೊದಲ ಪೆಟ್ರೋಲ್, ಮೊದಲ ಸ್ಟಾರ್ಟ್

ಒಂದೇ ಸಲ ತುಂಬಿಸಬೇಡಿ. ಐದು ಲೀಟರ್ ಹಾಕಿ, ಇಗ್ನಿಷನ್ ಆನ್ ಮಾಡಿ. ಇಂಜೆಕ್ಷನ್ ಪಂಪ್ ಎರಡು ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ನಾಲ್ಕೈದು ಸಲ ಹೀಗೆ ಮಾಡಿದರೆ ಲೈನ್ ತುಂಬುತ್ತದೆ. ಈಗ ಒಬ್ಬರು ಕೀ ಹತ್ತಿರ ಇರಲಿ, ಇನ್ನೊಬ್ಬರು ಬಿಳಿ ಟಿಶ್ಯೂ ಕಾಗದ ಹಿಡಿದು ಪ್ರತಿ ಜೋಡಣೆಯನ್ನೂ ಒರೆಸುತ್ತ ಬರಲಿ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ. ಎಲ್ಲ ಒಣಗಿದ್ದರೆ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಮತ್ತೊಮ್ಮೆ ಒರೆಸಿ.

ಆಮೇಲೆ ಐದೈದು ಲೀಟರ್ ಹಾಕುತ್ತ, ಪ್ರತಿ ಸಲ ಮೀಟರ್ ಮುಳ್ಳು ಎಲ್ಲಿ ನಿಂತಿತು ಅಂತ ಒಂದು ಕಾಗದದಲ್ಲಿ ಬರೆದುಕೊಳ್ಳಿ. ಟ್ಯಾಂಕಿನ ಆಕಾರ ಚೌಕವಲ್ಲದಿದ್ದರೆ ಅರ್ಧ ತೋರಿಸುವಾಗ ಅರ್ಧ ಇರುವುದಿಲ್ಲ. ಪೂರ್ತಿ ತುಂಬಿದ ಮೇಲೆ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿ, ಕೆಳಗೆ ರಟ್ಟು ಹಾಸಿ. ಹನಿ ಬಿದ್ದಿದ್ದರೆ ತಲೆಯ ಖಾಲಿ ಜಾಗ ಸಾಲದು ಅಥವಾ ಉಸಿರಾಟದ ಹೋಸು ಸಾಕಷ್ಟು ಎತ್ತರಕ್ಕೆ ಹೋಗಿಲ್ಲ.

ಇಪ್ಪತ್ತು ನಿಮಿಷ ಓಡಿಸಿ ಬಂದು, ಎಂಜಿನ್ ನಿಲ್ಲಿಸಿ, ಮುಚ್ಚಳ ಮೆಲ್ಲಗೆ ತಿರುಗಿಸಿ ಕಿವಿಗೊಡಿ. ಗಾಳಿ ಒಳಕ್ಕೆ ನುಗ್ಗುವ ಸದ್ದು ಬಂದರೆ ಉಸಿರು ಎಲ್ಲೋ ಕಟ್ಟಿದೆ, ಹೋಸನ್ನು ಬೆರಳಲ್ಲಿ ಸವರುತ್ತ ಹುಡುಕಿ. ಕಾಲು ಟ್ಯಾಂಕ್ ಉಳಿದಾಗ ಖಾಲಿ ಜಾಗದಲ್ಲಿ ಎಡಕ್ಕೂ ಬಲಕ್ಕೂ ದೊಡ್ಡ ಸುತ್ತು ಹಾಕಿ ಎಂಜಿನ್ ತಡವರಿಸುತ್ತದಾ ನೋಡಿ. ಮೊದಲ 100 ಕಿಲೋಮೀಟರ್ ಆದ ಮೇಲೆ ಮತ್ತೆ ಕಾರಿನಡಿಗೆ ಹೋಗಿ ಪಟ್ಟಿಯ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ. ರಬ್ಬರ್ ಅದುಮಿಕೊಂಡು ಕೂತಿರುತ್ತದೆ, ಅರ್ಧ ಸುತ್ತು ಒಳಗೆ ಹೋಗುವುದು ಸಾಮಾನ್ಯ. ಫಿಲ್ಲರ್ ಹೋಸಿನ ಕ್ಲಾಂಪುಗಳೂ ಹಾಗೆಯೇ, ಅವನ್ನೂ ಅವತ್ತೇ ಬಿಗಿ ಮಾಡಿಬಿಡಿ.